ಒಂದೆಕರೆ, ಮೂರು ಪಾಲು ಮತ್ತು ಮಹಾವೀರಾಚಾರ್ಯರು

ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಗೆ, ಗೆಳೆಯನೊಬ್ಬನ ಮನೆಗೆ ಹೋಗಿದ್ವಿ. ಕತೆಗಾರ ಬೆಸಗರಹಳ್ಳಿ ರಾಮಣ್ಣನವರ ಊರು ಅನ್ನೋದಷ್ಟೇ ನಮಗೆ ಗೊತ್ತಿತ್ತು. ಹೋದ ದಿನ ಅಲ್ಲಿ ಒಂದು ಎಕರೆ ಗದ್ದೆಯನ್ನು ಮೂವರು ಅಣ್ಣತಮ್ಮಂದಿರಿಗೆ ಪಾಲು ಮಾಡುವ ಮಾತು ನಡೀತಿತ್ತು. ಇಂಜಿನಿಯರಿಂಗ್ ಹುಡುಗರು ಬಂದಿದ್ದಾರಲ್ಲ ಅಂತ ಲೆಕ್ಕ ನಮ್ಮ ಕೈಗೆ ಬಂತು. ಫೋನ್ ತೆಗೆದು, ಒಂದನ್ನು ಮೂರರಿಂದ ಭಾಗಿಸಿ, ತಲೆಗೆ 0.33 ಎಕರೆ ಅಂದುಬಿಟ್ವಿ.

ಗೆಳೆಯನ ತಾತ ಕೂಡಿಸಿ ನೋಡ್ರಪ್ಪಾ ಅಂದ್ರು. ಕೂಡಿಸಿದರೆ 0.99. ಎಕರೆಗೆ 40 ಗುಂಟೆ, ಗುಂಟೆಗೆ 1089 ಚದರ ಅಡಿ. ಅಂದರೆ ನಾವು ಕಳೆದುಹಾಕಿದ್ದು ಸುಮಾರು 435 ಚದರ ಅಡಿ ಜಮೀನು. ಒಂದು 30-40 ಸೈಟಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ! ಗುಂಟೆಗೆ 16 ಆಣೆ ಲೆಕ್ಕದಲ್ಲಿ ತಾತ ತಲೆಗೆ ಹದಿಮೂರು ಗುಂಟೆ, ಐದು ಆಣೆ, ಮೇಲೆ ಆಣೆಯ ಮೂರನೇ ಒಂದು ಪಾಲು ಅಂತ ಬಾಯಲ್ಲೇ ಹೇಳಿ ಮುಗಿಸಿದರು.

ನಾಚಿಕೆ ಆಯ್ತು. ವಾಪಸ್ ಬಂದ ಮೇಲೆ, ಭಿನ್ನರಾಶಿಯ ಲೆಕ್ಕವನ್ನು ಹೀಗೆ ಅಚ್ಚುಕಟ್ಟಾಗಿ ನಮಗೆ ಕಟ್ಟಿಕೊಟ್ಟವರು ಯಾರು ಅಂತ ಹುಡುಕಿದೆವು. ಸಿಕ್ಕವರು ನಮ್ಮ ನಾಡಿನವರೇ: ಮಹಾವೀರಾಚಾರ್ಯರು.

ಮಹಾವೀರಾಚಾರ್ಯರು 9ನೇ ಶತಮಾನದ ಜೈನ ಗಣಿತಜ್ಞ. ಆಗ ಮಾನ್ಯಖೇಟದಿಂದ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಕವಿರಾಜಮಾರ್ಗ ಹುಟ್ಟಿದ್ದೂ ಅವನ ಆಸ್ಥಾನದಲ್ಲೇ. ಆಚಾರ್ಯರು ತಮ್ಮ ಗ್ರಂಥದ ಮೊದಲಿಗೇ ಅವನನ್ನು ಹೊಗಳಿದ್ದಾರೆ. ಕ್ರಿ.ಶ. 850ರ ಸುಮಾರಿಗೆ ಅವರು ಸಂಸ್ಕೃತದಲ್ಲಿ ಬರೆದ ಆ ಗ್ರಂಥವೇ ಗಣಿತಸಾರಸಂಗ್ರಹ. ಅದಕ್ಕೂ ಮುಂಚೆ ಆರ್ಯಭಟ, ಬ್ರಹ್ಮಗುಪ್ತರಂಥವರು ಗಣಿತವನ್ನು ಖಗೋಳ ಗ್ರಂಥದ ಒಂದೆರಡು ಅಧ್ಯಾಯದಲ್ಲಿ ಹೇಳಿದ್ದರು. ಇವರು ಗಣಿತಕ್ಕೇ ಅಂತ ಇಡೀ ಪುಸ್ತಕ ಬರೆದರು: ಒಂಬತ್ತು ಅಧ್ಯಾಯ, ಸಾವಿರಕ್ಕೂ ಹೆಚ್ಚು ಪದ್ಯ. ಅಡುಗೆ, ವೈದ್ಯ, ಸಂಗೀತ, ವಾಸ್ತು ಎಲ್ಲಕ್ಕೂ ಗಣಿತ ಬೇಕು ಅನ್ನೋದು ಅವರ ನಂಬಿಕೆ.

ಭಿನ್ನರಾಶಿಯ ಅಧ್ಯಾಯದ ಹೆಸರು ಕಲಾಸವರ್ಣ. ಕಲಾ ಅಂದರೆ ಭಾಗ, ಸವರ್ಣ ಅಂದರೆ ಒಂದೇ ಬಣ್ಣ. ಬೇರೆ ಬೇರೆ ಛೇದಗಳನ್ನು ಒಂದೇ ಬಣ್ಣಕ್ಕೆ ತರೋದು ಅಂದುಕೊಳ್ಳಿ. ಇದಕ್ಕೆ ಅವರು ಬಳಸಿದ ಸಾಧನ ನಿರುದ್ಧ, ನಾವು ಲ.ಸಾ.ಅ. ಅಂತ ಕಲಿತದ್ದು ಅದನ್ನೇ.

36 ಗುಂಟೆ ಹೊಲದಲ್ಲಿ ಒಬ್ಬನಿಗೆ 5/12, ಇನ್ನೊಬ್ಬನಿಗೆ 7/18 ಪಾಲು ಅಂತಿಟ್ಟುಕೊಳ್ಳಿ. ಯಾರಿಗೆ ಜಾಸ್ತಿ? ಛೇದಗಳನ್ನು ಸುಮ್ಮನೆ ಗುಣಿಸಿದರೆ 216 ಬರುತ್ತೆ, ಲೆಕ್ಕ ದಪ್ಪ ಆಗುತ್ತೆ. ಆಚಾರ್ಯರ ದಾರಿ ಬೇರೆ. 12 ಮತ್ತು 18ರಲ್ಲಿ ಸಮಾನವಾಗಿರೋದು 6. ಅದರಿಂದ ಭಾಗಿಸಿದರೆ ಉಳಿಯೋದು 2 ಮತ್ತು 3. ಮೂರನ್ನೂ ಗುಣಿಸಿದರೆ 36. ಪಾಲುಗಳು 15/36 ಮತ್ತು 14/36 ಆದವು. ಮೊದಲನೆಯವನಿಗೆ 15 ಗುಂಟೆ, ಎರಡನೆಯವನಿಗೆ 14. ವ್ಯತ್ಯಾಸ ಸರಿಯಾಗಿ ಒಂದು ಗುಂಟೆ. ಜಗಳಕ್ಕೆ ಜಾಗವೇ ಇಲ್ಲ.

ಗುಣಾಕಾರಕ್ಕೆ ಮುಂಚೆ ಅಡ್ಡಡ್ಡ ಹೊಡೆದು ಸಂಕ್ಷೇಪಿಸ್ತೀವಲ್ಲ, ಅದಕ್ಕೂ ಅವರಲ್ಲಿ ಹೆಸರಿದೆ: ವಜ್ರಾಪವರ್ತನ. ಭಾಗಿಸುವಾಗ ಭಾಜಕವನ್ನು ತಲೆಕೆಳಗು ಮಾಡಿ ಗುಣಿಸುವ ನಿಯಮವೂ ಅಲ್ಲಿದೆ. ಇನ್ನೊಂದು ಚಮತ್ಕಾರ ನೋಡಿ. ಒಂದನ್ನು ಎಷ್ಟು ಬೇಕಾದರೂ ಏಕಾಂಶಗಳಾಗಿ ಒಡೆಯೋಕೆ ಅವರು ಸೂತ್ರ ಕೊಟ್ಟರು. 1, 3, 9, 27 ಬರೆಯಿರಿ. ಮೊದಲನೆಯದನ್ನು 2ರಿಂದ, ಕೊನೆಯದನ್ನು 2/3ರಿಂದ ಗುಣಿಸಿ. ಛೇದಗಳು 2, 3, 9, 18. ಈಗ 1/2, 1/3, 1/9, 1/18 ಕೂಡಿಸಿ. ಪೂರ್ತಿ ಒಂದು; ಚೂರೂ ಸೋರಲ್ಲ.

ಎಲ್ಲವೂ ಸರಿಯಿತ್ತು ಅಂತಲ್ಲ. ಋಣಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಆ ಕಾಲದಲ್ಲೇ ಗುರುತಿಸಿದ ಆಚಾರ್ಯರು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತೆ ಅಂತ ತಪ್ಪಿದರು. ಕೋಡ್‌ನಲ್ಲಿ ಅದೇ ತಪ್ಪು ಮಾಡಿ ಎರರ್ ತಿಂದ ನಾವು ನಗೋ ಹಾಗಿಲ್ಲ.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. ಕನ್ನಡ ಲಿಪಿಯ ಓಲೆಗರಿಗಳಲ್ಲೂ ಅದು ಉಳಿದುಬಂತು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಮದರಾಸಿನಲ್ಲಿ ಅಚ್ಚು ಹಾಕಿಸಿದ ಮೇಲೆ ಹೊರಜಗತ್ತಿಗೂ ಆಚಾರ್ಯರ ಪರಿಚಯ ಆಯ್ತು.

ಬೆಸಗರಹಳ್ಳಿಯ ತಾತ ಗಣಿತಸಾರಸಂಗ್ರಹ ಓದಿದವರಲ್ಲ. ಆದರೂ ಪಾಲು ಅಂದರೆ ಮತ್ತೆ ಕೂಡಿದಾಗ ಪೂರ್ತಿ ಒಂದಾಗಬೇಕು ಅನ್ನೋದು ಅವರಿಗೆ ಗೊತ್ತಿತ್ತು. ನಾವು ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೀವಿ, ನೀವೂ ಮಾಡಿ ನೋಡಿ: ಲೆಕ್ಕದ ಕೊನೇ ಸಾಲಿನವರೆಗೆ 1/3 ಅನ್ನು 1/3 ಆಗಿಯೇ ಇಟ್ಟುಕೊಳ್ಳಿ, ದಶಮಾಂಶ ಆಮೇಲೆ. ಮಧ್ಯದಲ್ಲೇ ಕತ್ತರಿಸಿದರೆ ಯಾರದೋ 435 ಚದರ ಅಡಿ ಹೋಗುತ್ತೆ.