ಆನೆ ತಂದ ವೀರಣ್ಣ, ಅನ್ನ ಕೊಟ್ಟ ಕಂಪನಿ

ಜಾತ್ರೆ ಬಂತಂದ್ರೆ ಕಂಪನಿ ನಾಟಕದ ಟೆಂಟ್ ಏಳಬೇಕು. ಚೌಡಾಪುರ, ಅಫಜಲಪುರ ಕಡೆಯ ಹುಡುಗರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಆದರೆ ಒಂದು ಟೆಂಟ್ ಎಷ್ಟು ಜನರ ಬದುಕು ಕಟ್ಟಬಲ್ಲದು ಅಂತ ತಿಳಿಯಬೇಕಾದರೆ ತುಮಕೂರು ಜಿಲ್ಲೆಯ ಗುಬ್ಬಿ ವೀರಣ್ಣನವರ ಬದುಕು ನೋಡಬೇಕು.

ವೀರಣ್ಣ ಹುಟ್ಟಿದ್ದು 1891ರಲ್ಲಿ. ಅಷ್ಟೊತ್ತಿಗಾಗಲೇ, 1884ರಲ್ಲಿ, ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾಗಿತ್ತು. ಹುಡುಗನಾಗಿದ್ದಾಗಲೇ ಅದರಲ್ಲಿ ಬಣ್ಣ ಹಚ್ಚಿದವರು ಮುಂದೆ ಅದರ ಮಾಲೀಕರೇ ಆದರು. ಮಾಲೀಕರಾದರೂ ಜನ ಅವರನ್ನ ಎದೆಗೆ ಹಚ್ಚಿಕೊಂಡಿದ್ದು ಹಾಸ್ಯನಟ ಅಂತಲೇ. 'ಸದಾರಮೆ'ಯ ಕಳ್ಳನ ಪಾತ್ರ ಅವರ ಹೆಸರಿಗೇ ಅಂಟಿಕೊಂಡಿತು.

ಜನರನ್ನ ಬೆರಗುಗೊಳಿಸೋದು ಅವರಿಗೆ ಗೊತ್ತಿತ್ತು. 1930ರ ದಶಕದಲ್ಲಿ 'ಕುರುಕ್ಷೇತ್ರ' ಆಡಿದಾಗ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಸರ್ಕಸ್ಸಿನ ಬೆರಗೂ ಪುರಾಣದ ಕಥೆಯೂ ಒಂದೇ ಟಿಕೆಟ್ಟಿಗೆ! ಆ ಟಿಕೆಟ್ಟಿನ ದುಡ್ಡಲ್ಲೇ ನಟರು, ಸಂಗೀತದವರು, ಪರದೆ ಎಳೆಯುವವರು, ಅಡುಗೆಯವರು ಎಲ್ಲರ ಹೊಟ್ಟೆ ತುಂಬಬೇಕಿತ್ತು.

ಹೆಣ್ಣಿನ ಪಾತ್ರಕ್ಕೆ ಗಂಡಸರೇ ಸೀರೆ ಉಡುತ್ತಿದ್ದ ಕಾಲವದು. ವೀರಣ್ಣ ಹೆಣ್ಣುಮಕ್ಕಳನ್ನೇ ರಂಗಕ್ಕೆ ಕರೆತಂದರು. ಅವರ ಪತ್ನಿ ಬಿ. ಜಯಮ್ಮ ದೊಡ್ಡ ನಟಿಯಾಗಿ ಬೆಳೆದರು. ಮಕ್ಕಳಿಗೂ ಬೇರೆಯದೇ ನಾಟಕ ತಂಡ ಕಟ್ಟಿದರು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಇಲ್ಲೇ ಪಳಗಿದರು. ಮನೆ ಬಿಟ್ಟು ಬಂದ ಬಿ.ವಿ. ಕಾರಂತರನ್ನ ಮುಂದೆ ಕಾಶಿಗೆ ಓದಲು ಕಳಿಸಿದ್ದೂ ವೀರಣ್ಣನವರೇ. ಅಂದರೆ ಅದು ಬರೀ ಕಂಪನಿ ಅಲ್ಲ, ಫೀಸಿಲ್ಲದ ಶಾಲೆ.

ಮೂಕಿ ಚಿತ್ರದ ಕಾಲದಲ್ಲೇ ಅವರು ಸಿನಿಮಾಕ್ಕೂ ಕೈ ಹಾಕಿದರು. 1954ರಲ್ಲಿ ಅವರ ಸಂಸ್ಥೆಯ ಪಾಲೂ ಇದ್ದ 'ಬೇಡರ ಕಣ್ಣಪ್ಪ' ರಾಜ್‌ಕುಮಾರ್‌ರನ್ನ ನಾಯಕನನ್ನಾಗಿ ಮಾಡಿತು. ವಿಪರ್ಯಾಸ ನೋಡಿ: ಟೆಂಟು ಸಾಕಿ ಬೆಳೆಸಿದ ಸಿನಿಮಾನೇ ಮುಂದೆ ಟೆಂಟಿನ ಪ್ರೇಕ್ಷಕರನ್ನ ಎಳೆದುಕೊಂಡಿತು.

1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ವೀರಣ್ಣ ತೀರಿಕೊಂಡರು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು 'ಕಲೆಯೇ ಕಾಯಕ'.

ಈಗ ಸರ್ಕಾರ ಅವರ ಹೆಸರಲ್ಲಿ ಪ್ರಶಸ್ತಿ ಕೊಡುತ್ತೆ. ಕೊಡಲಿ, ಒಳ್ಳೇದೇ. ಆದರೆ ಪ್ರಶಸ್ತಿ ಸಿಗೋದು ಒಬ್ಬರಿಗೆ. ಕಾಯಕ ಅಂದಮೇಲೆ ಕೂಲಿ, ಆಸ್ಪತ್ರೆ, ವಯಸ್ಸಾದಾಗ ಪಿಂಚಣಿ ಎಲ್ಲರಿಗೂ ಬೇಕಲ್ಲ? ಮುಂದಿನ ಜಾತ್ರೇಲಿ ಟೆಂಟಿನೊಳಗೆ ಕೂತಾಗ ರಂಗದ ಮೇಲಿರೋರಿಗೆ ಚಪ್ಪಾಳೆ ಹೊಡೀರಿ. ಹಾಗೇ ಪರದೆ ಎಳೆಯೋ ಕೈಗೆ ಏನು ಸಿಗುತ್ತೆ ಅಂತಲೂ ಕೇಳಿ.