ಗರ್ಭಿಣಿಯರ ಪುಟ್ಟ ಮಾತ್ರೆಯ ಹಿಂದಿದ್ದಾರೆ ಭೀಮಾವರಂನ ಸುಬ್ಬರಾವ್

ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆ ಗೊತ್ತಲ್ಲ? ಅದರಲ್ಲಿ ಫೋಲಿಕ್ ಆಮ್ಲವೂ ಇರುತ್ತದೆ. ಮಗುವಿನ ಬೆನ್ನುಹುರಿಯ ದೋಷ ತಡೆಯಲು ಗರ್ಭ ನಿಲ್ಲುವ ಮೊದಲೇ ಇದನ್ನು ಸೇವಿಸುವಂತೆ ವೈದ್ಯರು ಹೇಳುತ್ತಾರೆ. ಈ ಫೋಲಿಕ್ ಆಮ್ಲವನ್ನು 1945ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ತಂಡವನ್ನು ಮುನ್ನಡೆಸಿದವರು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್.

ವಿಜಯವಾಡ ಮತ್ತು ವಿಶಾಖಪಟ್ಟಣದ ನಡುವಿನ ಗೋದಾವರಿ ಸೀಮೆಯ ಭೀಮಾವರಂನಲ್ಲಿ 1895ರ ಜನವರಿ 12ರಂದು ಜನನ. ಮೆಟ್ರಿಕ್ ಪಾಸಾಗಿದ್ದು ಮೂರನೇ ಯತ್ನದಲ್ಲಿ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಗಾಂಧೀಜಿ ಪ್ರಭಾವದಿಂದ ಖಾದಿ ತೊಟ್ಟಿದ್ದು ಬ್ರಿಟಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಎಂಬಿಬಿಎಸ್ ಬದಲು ಕೆಳದರ್ಜೆಯ ಎಲ್‌ಎಂಎಸ್ ಸರ್ಟಿಫಿಕೇಟ್ ಕೈಗೆ ಬಂತು!

ಅಷ್ಟರಲ್ಲಿ ಮನೆಯಲ್ಲಿ ದುರಂತ. ಆಹಾರದ ಸತ್ವ ಮೈಗೆ ಹತ್ತದಂತೆ ಮಾಡುವ ಸ್ಪ್ರೂ ರೋಗಕ್ಕೆ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಬಲಿಯಾದರು. ಆಗ ಅದಕ್ಕೆ ಮದ್ದಿರಲಿಲ್ಲ. ಮುಂದೆ ಅದೇ ರೋಗಕ್ಕೆ ಫಲ ಕೊಟ್ಟಿದ್ದು ಇದೇ ಫೋಲಿಕ್ ಆಮ್ಲ.

1922ರ ಅಕ್ಟೋಬರ್‌ನಲ್ಲಿ ಬೋಸ್ಟನ್ ತಲುಪಿದ ಸುಬ್ಬರಾವ್, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಪೋರ್ಟರ್ ಆಗಿ ದುಡಿದು ಹಾರ್ವರ್ಡ್‌ನಲ್ಲಿ ಓದಿದರು. ಸೈರಸ್ ಫಿಸ್ಕ್ ಜೊತೆ ರಕ್ತದಲ್ಲಿನ ರಂಜಕ ಅಳೆಯುವ ವಿಧಾನ ರೂಪಿಸಿದರು. 1929ರಲ್ಲಿ ಇವರಿಬ್ಬರೂ, ಜರ್ಮನಿಯ ಕಾರ್ಲ್ ಲೋಮನ್ ಪ್ರತ್ಯೇಕವಾಗಿಯೂ, ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯನ್ನು ಗುರುತಿಸಿದರು. ಇಷ್ಟಾದರೂ ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಅವರು ಲೆಡರ್ಲೆ ಔಷಧ ಕಂಪನಿ ಸೇರಿದರು.

ಅಲ್ಲಿಂದ ಸಾಲು ಸಾಲು ಔಷಧಗಳು. ಆನೆಕಾಲು ರೋಗಕ್ಕೆ ಕಲಬುರಗಿ ಕಡೆ ಮನೆಮನೆಗೆ ಹಂಚಿದ ಡಿಇಸಿ ಮಾತ್ರೆಯ ಮೂಲವೂ ಇವರ ಪ್ರಯೋಗಾಲಯವೇ. ಇನ್ನೊಂದು, ಫೋಲಿಕ್ ಆಮ್ಲದ ಕೆಲಸವನ್ನೇ ತಡೆಯುವ ಅಮಿನೊಪ್ಟೆರಿನ್. ಬೋಸ್ಟನ್ ವೈದ್ಯ ಸಿಡ್ನಿ ಫಾರ್ಬರ್ ಇದನ್ನು ರಕ್ತ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಕೊಟ್ಟಾಗ 10 ಮಕ್ಕಳು ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡರು. ಆ ವರದಿ ಪ್ರಕಟವಾಗಿದ್ದು 1948ರಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ, ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು.

ಅವರು ಅಮೆರಿಕದ ಪೌರತ್ವ ಪಡೆಯಲಿಲ್ಲ, ಊರಿಗೂ ಮರಳಲಿಲ್ಲ. ಹಡಗು ಹತ್ತುವಾಗ ಪತ್ನಿ ಶೇಷಗಿರಿ ಗರ್ಭಿಣಿ. ಗಂಡು ಮಗು ಹುಟ್ಟಿ ಶೈಶವದಲ್ಲೇ ತೀರಿಹೋಯಿತು. ಸುಬ್ಬರಾವ್ ಅದರ ಮುಖ ನೋಡಿರಲೇ ಇಲ್ಲ.