ಎಸಿ ಹುಟ್ಟಿದ್ದು ಸೆಕೆಗಲ್ಲ, ತೇವಕ್ಕೆ: ರೈತನ ಮಗ ವಿಲ್ಲಿಸ್ ಕ್ಯಾರಿಯರ್ ಕಥೆ

ಸಾಗರ: ಮಲೆನಾಡಿಗೆ ಎಸಿ ಯಾಕೆ ಅಂತ ಕೇಳೋ ಕಾಲ ಹೋಯ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಪೇಟೆಗಳಲ್ಲಿ ಬಟ್ಟೆ ಅಂಗಡಿ, ಚಿನ್ನದಂಗಡಿಗಳಷ್ಟೇ ಅಲ್ಲ, ಆರ್‌ಸಿಸಿ ಮನೆಗಳ ಗೋಡೆ ಮೇಲೂ ಎಸಿ ಬಂದು ಕೂತಿದೆ. ಆದರೆ ಇದನ್ನು ಮೊದಲು ಮಾಡಿದವರು ಸೆಕೆಗೆ ಅಂತ ಮಾಡಿದ್ದಲ್ಲ. ಅವರ ಜಗಳ ಇದ್ದದ್ದು ಗಾಳಿಯಲ್ಲಿರೋ ತೇವದ ಜೊತೆ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗಿ, ಉಪ್ಪು ನೀರು ಬಿಟ್ಟು, ಅಡಿಕೆಗೆ ಬೂಷ್ಟು ಹಿಡಿಯೋದನ್ನು ಕಂಡ ನಮಗೆ ಈ ಕಥೆ ಬೇಗ ಅರ್ಥ ಆಗುತ್ತೆ.

ವಿಲ್ಲಿಸ್ ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಂಗೋಲಾ ಅನ್ನೋ ಊರಲ್ಲಿ. ಬೇಸಾಯದ ಮನೆ, ಒಬ್ಬನೇ ಮಗ. ಲೆಕ್ಕ ತಲೆಗೆ ಹತ್ತದೇ ಇದ್ದಾಗ ತಾಯಿ ಸೇಬು ತಂದು ಅರ್ಧ, ಕಾಲು, ಅರೆಕಾಲು ಅಂತ ಕತ್ತರಿಸಿ ಭಿನ್ನರಾಶಿ ಕಲಿಸಿದರಂತೆ. ಆ ತಾಯಿ ಹುಡುಗನಿಗೆ ಹನ್ನೊಂದು ವರ್ಷ ಆಗಿದ್ದಾಗ ತೀರಿಕೊಂಡರು. ಮುಂದೆ ವಿದ್ಯಾರ್ಥಿವೇತನದ ಬಲದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿ, 1901ರಲ್ಲಿ ಎಂಜಿನಿಯರ್ ಆಗಿ ಹೊರಬಂದರು. ಬಫಲೋ ಫೋರ್ಜ್ ಕಂಪನಿಯಲ್ಲಿ ಕೆಲಸ ಸಿಕ್ತು. ಸಂಬಳ ವಾರಕ್ಕೆ 10 ಡಾಲರ್.

ಮರುವರ್ಷವೇ ಬ್ರೂಕ್ಲಿನ್‌ನ ಒಂದು ಪ್ರಿಂಟಿಂಗ್ ಪ್ರೆಸ್ಸಿನ ತಲೆನೋವು ಅವರ ಮುಂದೆ ಬಂತು. ಅಲ್ಲಿ ಒಂದೊಂದೇ ಬಣ್ಣ ಒಂದರ ಮೇಲೊಂದು ಮುದ್ರಿಸುತ್ತಿದ್ದರು. ತೇವ ಏರಿದರೆ ಕಾಗದ ಹಿಗ್ಗುತ್ತೆ, ಇಳಿದರೆ ಕುಗ್ಗುತ್ತೆ. ಕೂದಲೆಳೆಯಷ್ಟು ವ್ಯತ್ಯಾಸ ಆದರೂ ಬಣ್ಣ ಪಕ್ಕಕ್ಕೆ ಸರಿದು ಚಿತ್ರ ಹಾಳು. ಮಳೆಗಾಲದಲ್ಲಿ ಲಗ್ನಪತ್ರಿಕೆ ಮಾಡೋ ನಮ್ಮ ಪ್ರೆಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾರಿಯರ್ ಉಪಾಯ ಸರಳ. ಫ್ರಿಜ್ಜಿನಿಂದ ತೆಗೆದ ಬಾಟಲಿ ಹೊರಗಿಟ್ಟರೆ ಅದರ ಮೈಮೇಲೆ ಹನಿ ಕೂರುತ್ತಲ್ಲ, ಅದೇ ತತ್ವ. ತಣ್ಣಗಿನ ಕೊಳವೆಗಳ ಮೇಲೆ ಗಾಳಿ ಹಾಯಿಸಿದರೆ ಅದರಲ್ಲಿನ ನೀರು ಹನಿಯಾಗಿ ಇಳಿದು ಗಾಳಿ ಒಣಗುತ್ತೆ. 1902ರ ಜುಲೈ 17ರಂದು ಇದರ ನಕ್ಷೆ ಸಿದ್ಧವಾಯ್ತು. ತೇವವನ್ನು ಶೇ. 55ರಲ್ಲಿ ನಿಲ್ಲಿಸೋದು ಗುರಿ. ಗಾಳಿ ತಂಪಾಗಿದ್ದು ಜೊತೆಗೆ ಬಂದ ಲಾಭ. 1906ರಲ್ಲಿ ಅವರ ಗಾಳಿ ಸಂಸ್ಕರಿಸೋ ಯಂತ್ರಕ್ಕೆ ಪೇಟೆಂಟ್ ಸಿಕ್ತು.

ಮೊದಲ ಮಹಾಯುದ್ಧದ ಹೊತ್ತಿಗೆ ಕಂಪನಿ ಈ ವಿಭಾಗವನ್ನೇ ಕೈಬಿಟ್ಟಿತು. ಕ್ಯಾರಿಯರ್ ಹೆದರಲಿಲ್ಲ. 1915ರಲ್ಲಿ ಏಳು ಎಂಜಿನಿಯರುಗಳು ಸೇರಿ, ಕೈಲಿದ್ದ ಉಳಿತಾಯ ಹಾಕಿ, ಕ್ಯಾರಿಯರ್ ಹೆಸರಲ್ಲೇ ಹೊಸ ಕಂಪನಿ ಕಟ್ಟಿದರು.

ಗಿರಾಕಿಗಳನ್ನು ಎಳೆದದ್ದು ಮಾತ್ರ ಅಂಗಡಿ ಮತ್ತು ಟಾಕೀಸು. 1924ರಲ್ಲಿ ಡೆಟ್ರಾಯಿಟ್‌ನ ಹಡ್ಸನ್ ಅನ್ನೋ ದೊಡ್ಡ ಅಂಗಡಿಗೆ ಎಸಿ ಬಂತು. 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರಕ್ಕೆ ಬಂತು. ಅಭ್ಯಾಸದಂತೆ ಬೀಸಣಿಗೆ ಹಿಡಿದು ಬಂದಿದ್ದ ಜನ, ತಂಪು ಹರಡುತ್ತಿದ್ದಂತೆ ಒಬ್ಬೊಬ್ಬರಾಗಿ ಅದನ್ನು ಮಡಿಲಿಗೆ ಇಳಿಸಿದರಂತೆ.

ಮನೆಗೆ ಬರೋದು ಅಷ್ಟು ಸುಲಭ ಇರಲಿಲ್ಲ. 1928ರಲ್ಲಿ ಕಂಪನಿ ಮನೆಗಂತಲೇ ಒಂದು ಯಂತ್ರ ತಂದಿತು. ಆದರೆ ಮರುವರ್ಷವೇ ಆರ್ಥಿಕ ಕುಸಿತ, ಆಮೇಲೆ ಎರಡನೇ ಮಹಾಯುದ್ಧ. ಸಾಮಾನ್ಯರ ಮನೆಗಳಿಗೆ ಎಸಿ ಹರಡಿದ್ದು ಯುದ್ಧ ಮುಗಿದ ಮೇಲೆ. ಅದನ್ನು ಪೂರ್ತಿ ನೋಡೋಕೆ ಕ್ಯಾರಿಯರ್ ಉಳಿಯಲಿಲ್ಲ. 1950ರ ಅಕ್ಟೋಬರ್ 7ರಂದು, 73ನೇ ವಯಸ್ಸಲ್ಲಿ ತೀರಿಕೊಂಡರು.

ಅವರ ಲೆಕ್ಕ ಇವತ್ತಿಗೂ ನಮ್ಮ ಕೆಲಸಕ್ಕೆ ಬರುತ್ತೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ರೆ ಬೆವರು ಆರೋದಿಲ್ಲ, ಅದಕ್ಕೇ ಸೆಕೆ ಹೆಚ್ಚು ಅನ್ಸುತ್ತೆ. ನೀರಿನ ಕೂಲರ್ ಬಯಲುಸೀಮೆಯ ಒಣ ಬಿಸಿಲಿಗೆ ಸರಿ. ನಮ್ಮ ಕಡೆ ಮಳೆ ಹಿಡಿದ ದಿನ ಕೂಲರ್ ಹಾಕಿದ್ರೆ ಇರೋ ತೇವಕ್ಕೆ ಇನ್ನಷ್ಟು ತೇವ ಸೇರುತ್ತೆ ಅಷ್ಟೇ. ಎಸಿ ಇರೋರು ಮಳೆಗಾಲದಲ್ಲಿ ರಿಮೋಟಿನ ಡ್ರೈ ಮೋಡ್ ಒಮ್ಮೆ ಹಾಕಿ ನೋಡಿ. ಕ್ಯಾರಿಯರ್ ಮೊದಲು ಮಾಡಿದ ಕೆಲಸ ಅದೇ.

ಇನ್ನು ಕರೆಂಟು. 2020ರ ಜನವರಿಯಿಂದ ದೇಶದಲ್ಲಿ ಹೊಸ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಗೇ ಬಂದು ನಿಲ್ಲಬೇಕು ಅನ್ನೋ ನಿಯಮ ಇದೆ. ಅದನ್ನು 18ಕ್ಕೆ ಇಳಿಸಿದ್ರೆ ಮೀಟರ್ ಓಡೋದು ಖಂಡಿತ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ಕಡೆಯ ಎಷ್ಟೋ ಕುಟುಂಬಗಳು ಮನೆ, ಗದ್ದೆ, ತೋಟ ಬಿಟ್ಟು ಎದ್ದು ಹೋಗಿವೆ. ಕರೆಂಟಿನ ಬೆಲೆ ಬಿಲ್ಲಿನಲ್ಲಿ ಬರೆದಷ್ಟೇ ಅಲ್ಲ ಅಂತ ಗೊತ್ತಿರೋ ಊರು ನಮ್ಮದು.